ಹನ್ನೊಂದನೆಯ ಗರಿ

ಪರ್ವತಯ್ಯನವರ ಕಾರ್ಡು ಬಂತು, ಶಿರಾ ವಿಳಾಸಕ್ಕೆ, ನಾಲ್ಕೇ ಸಾಲು:
ಮಂಗಳವಾರ, ಶುಕ್ರವಾರ. ಹತ್ತೂವರೆಯಿಂದ ಒಂದು ಗಂಟೆ.
ಪೆನ್ನು ಬೇಡ, ಪೆನ್ಸಿಲ್ ಆಗಬಹುದು.
ಕೈಯಲ್ಲಿ ಜಿಡ್ಡು ಇರಕೂಡದು.
ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ:
ಕಟ್ಟು ಬಿಚ್ಚುವವನು ನಾನೊಬ್ಬನೇ, ಮೊಣಕಾಲು ನೋವು,
ಫೋನ್ ಮಾಡಿ ಬನ್ನಿ.

ಶುಕ್ರವಾರ ಆಗದು, ಬುಕ್ಕಾಪಟ್ಟಣದ ಕಡೆ ಲಸಿಕೆ ಕ್ಯಾಂಪು.
ಮಂಗಳವಾರಕ್ಕೆ ರಜೆ ಬರೆದೆ. ಕಾರಣ: ಸ್ವಂತ ಕೆಲಸ.
ಡಾಕ್ಟರು ಕನ್ನಡಕದ ಮೇಲಿಂದ ನೋಡಿ
"ತುಮಕೂರಲ್ಲಿ ಸೈಟು ನೋಡ್ತಿದ್ದೀಯೇನಮ್ಮ?" ಅಂದರು.
ಏನು ಹೇಳಲಿ,
ಒಂದು ತೂತು ನೋಡಲು ಹೋಗುತ್ತಿದ್ದೇನೆ ಅಂತಲೇ?

ಸೂಚಿಪಟ್ಟಿಯಲ್ಲಿ ಇರುವುದಿಷ್ಟು.
ಕುರಿವೈದ್ಯ. ತಾಳೆಗರಿ, ಹತ್ತೊಂಬತ್ತು. ಬರೆದವರು ತಿಳಿಯದು.
ಹನ್ನೊಂದನೆಯ ಗರಿಯಲ್ಲಿ ನಾಲಿಗೆ ನೀಲಿಗಟ್ಟುವ ಬೇನೆ,
ಅದಕ್ಕೆ ಅರೆದು ತಿಕ್ಕುವ ಸೊಪ್ಪು,
ಆಮೇಲೆ ಎರಡೇ ಮಾತು: ಹುಳು ತಿಂದಿದೆ.

ಹುಳು ಉಪ್ಪನ್ನು ತಿಂದಿಲ್ಲ, ಮೆಣಸನ್ನು ತಿಂದಿಲ್ಲ,
ಮೂರು ದಿನ ಮೂರು ಹೊತ್ತು ಎಂಬುದನ್ನು ಮೂಸಿಯೂ ಇಲ್ಲ.
ಹೆಸರನ್ನೇ ಆರಿಸಿ ತಿಂದಿದೆ.

ನಮ್ಮ ಜುಂಜಕ್ಕನೂ ಹಾಗೇ.
ಅಪ್ಪನ ದೊಡ್ಡಮ್ಮ, ನೂರಾ ಎಂಬತ್ತು ಕುರಿ ಕಾಯ್ದವಳು,
ಸೊಪ್ಪನ್ನು ಮಡಿಲಲ್ಲಿ ಮುಚ್ಚಿ ತಂದು
ನಮಗೆ ಬೆನ್ನು ಹಾಕಿ ಅರೆಯುವಳು.
ಯಾವುದಜ್ಜಿ ಅಂದರೆ,
"ಹೆಸರು ಹೇಳಿದ್ರೆ ಮದ್ದು ಮಲಗ್ತೈತೆ ಕಣೆ."
ಅವಳು ಹೋಗಿ ಇಪ್ಪತ್ತಾರು ವರ್ಷ.
ಮದ್ದು ಯಾವುದೋ ಬೇಲಿಯಲ್ಲಿ ಇನ್ನೂ ಎದ್ದೇ ಇದೆ,
ಯಾರೂ ಕರೆಯದೆ.

ಮದ್ದಿಗಾಗಿ ಹೋಗುತ್ತಿಲ್ಲ ನಾನು.
ಲಸಿಕೆ ಇದೆ, ಐಸ್ ಪೆಟ್ಟಿಗೆ ಇದೆ, ರಿಜಿಸ್ಟರಿದೆ.
ತೂತು ಎಷ್ಟು ಅಕ್ಷರದಗಲ, ಅಷ್ಟು ತಿಳಿದರೆ ಸಾಕು.
ಎರಡಾದರೆ ಲಕ್ಕಿ, ಒತ್ತು ಕೆಳಗಿಳಿಯುತ್ತದೆ, ಜಾಗ ಕೇಳದು.
ತುಂಬೆಗೆ ಸೊನ್ನೆಯೊಂದು ಹೆಚ್ಚು.
ಮೂರಾದರೆ ತಂಗಡಿ,
ಆದರೆ ತಂಗಡಿಯನ್ನು ಮಡಿಲಲ್ಲಿ ಮುಚ್ಚಿ ತರುವವರುಂಟೆ, ಊರೆಲ್ಲ ಅದೇ.
ನಾಲ್ಕಾದರೆ ಉತ್ತರಾಣಿ, ಆಡುಸೋಗೆ.

ರಾತ್ರಿ ತೆಂಗಿನ ಗರಿ ಸೀಳಿ
ದಬ್ಬಳದಲ್ಲಿ ಒಂದೊಂದನ್ನೂ ಗೀರಿದೆ,
ಹಳಬರ ಹಾಗೆ ಬಿಡಿಸದೆ, ಪದಕ್ಕೆ ಪದ ತಾಗಿಸಿ.
ದೀಪದ ಮಸಿ ಸವರಿ ಒರೆಸಿದಾಗ
ಅಕ್ಷರಗಳು ಒಂದೊಂದಾಗಿ ಕಣ್ಣು ಬಿಟ್ಟವು.
ಒಣಗಲೆಂದು ಕಿಟಕಿಯಲ್ಲಿಟ್ಟೆ.
ಬೆಳಿಗ್ಗೆ ನೋಡಿದರೆ ಹಿತ್ತಲ ಮರಿ
ಉತ್ತರಾಣಿಯನ್ನು ಪೂರ್ತಿ, ಆಡುಸೋಗೆಯನ್ನು ಮುಕ್ಕಾಲು ಮುಗಿಸಿತ್ತು.
ಆಡು ಮುಟ್ಟದ ಸೊಪ್ಪು ಅನ್ನುತ್ತಾರೆ.
ಬರೆದರೆ ಕುರಿ ಮುಟ್ಟುತ್ತದೆ.

ಆರೂಮುಕ್ಕಾಲರ ಬಸ್ಸು.
ಚಿತ್ರಾನ್ನ ಬೇಡ, ಬೆರಳಿಗೆ ಎಣ್ಣೆ; ಎರಡು ಬಾಳೆಹಣ್ಣು.
ಪೆನ್ಸಿಲ್ ಎರಡು, ಅಳತೆಗೆ ಕಾಗದದ ಪಟ್ಟಿ,
ಉಣ್ಣೆಹುಳ ನೋಡುವ ಭೂತಗನ್ನಡಿ.
ಕಳ್ಳಂಬೆಳ್ಳ ದಾಟುವವರೆಗೆ ನಿದ್ದೆ ಮಾಡಬಹುದು.
ಚಿಕ್ಕಪೇಟೆಯಲ್ಲಿ ಗಾಣದಂಗಡಿ ಕೇಳಬೇಕು, ಅದರ ಮಹಡಿಯಂತೆ.

ಇಷ್ಟೆಲ್ಲ ಬರೆದಿಟ್ಟು ದೀಪ ಆರಿಸಿದ ಮೇಲೆ ಹೊಳೆಯಿತು:
ಹುಳುವಿಗೆ ಗರಿಯ ನಂಬರು ಗೊತ್ತಿರುವುದಿಲ್ಲ.
ಅದು ಕೊರೆದರೆ ಕಟ್ಟಿಗೆ ಕಟ್ಟೇ ಕೊರೆಯುತ್ತದೆ,
ಹತ್ತರಿಂದ ಇಳಿದು ಹನ್ನೆರಡರಲ್ಲಿ ಏಳುತ್ತದೆ.
ಹತ್ತೂ ಹನ್ನೆರಡೂ ಇಡಿಯಾಗಿದ್ದರೆ?
ಅಂಚು ದುಂಡಗಿರದೆ ಕೆರೆದಂತಿದ್ದರೆ?
ಯಾರೋ ಗೋಡೆ ಕಡೆ ಮುಖ ಮಾಡಿ ಕೂತು,
ಕಂಠದ ತುದಿಯಿಂದ, ನಿಧಾನವಾಗಿ,

ಹನ್ನೊಂದಕ್ಕೆ ಫೋನ್ ಮಾಡಿದೆ.
ಹತ್ತನೆಯದು, ಹನ್ನೆರಡನೆಯದು ಕೂಡ ತೋರಿಸ್ತೀರಾ ಸರ್?
ಬಹಳ ಹೊತ್ತು ಕೆಮ್ಮಿದರು.
"ಅವನ್ನ ಯಾರೂ ಕೇಳಿರಲಿಲ್ಲ ತಾಯಿ.
ನಿಮಗೆ ಕುರಿ ಎಷ್ಟಿವೆ?"

ಒಂದು, ಅಂದೆ.
ಆ ಕಡೆ ಬರೆದುಕೊಳ್ಳುವ ಸದ್ದು.