ಒಣಗಿದ ಮೇಲೂ

ಸ್ಟ್ರಾಮ್‌ನೆಸ್‌ನ ಔಷಧಿ ಅಂಗಡಿಯ ಹುಡುಗಿ
ಬಾಟಲಿಯನ್ನು ಎರಡು ಸಲ ತಿರುಗಿಸಿ ನೋಡಿದಳು,
ಆಮೇಲೆ ನನ್ನನ್ನು.
ನೂರಕ್ಕೆ ತೊಂಬತ್ತೊಂಬತ್ತು ಆಲ್ಕೋಹಾಲ್. ಗಾಯಕ್ಕಾ?
ಅಲ್ಲಮ್ಮ, ಗ್ರೀಟಿಂಗ್ ಕಾರ್ಡಿಗೆ, ಅಂದೆ.
ನಂಬಲಿಲ್ಲ. ಈ ದ್ವೀಪದಲ್ಲಿ
ಮ್ಯಾನ್ಸಿ ಫ್ಲೆಟ್‌ನ ಹೆಂಡತಿ ಏನು ಕೊಂಡರೂ
ಊರು ಒಮ್ಮೆ ಮೂಸಿ ನೋಡುತ್ತದೆ.

ಒಂಬತ್ತು ವರ್ಷ ನಮ್ಮ ಮನೆಯಲ್ಲಿ
ಕೆಮ್ಮಿನ ಔಷಧಿಗೂ ಬೀಗ.
ಹಾಗಾಗಿ ಶಾಯಿಯ ಪುಟ್ಟ ಸೀಸೆಗಳನ್ನು
ಓಟ್ಸ್ ಡಬ್ಬಿಯಲ್ಲಿ ಹೂತಿಟ್ಟೆ,
ಅವನು ಒಂದು ಕಾಲಕ್ಕೆ ಹೂತಿಡುತ್ತಿದ್ದ ಅದೇ ಡಬ್ಬಿ.
ಬಚ್ಚಿಡುವ ಕೈಗೆ ಹೊಸ ಜಾಗ ಹೊಳೆಯುವುದಿಲ್ಲ.

ಅವನು ದೋಣಿಯ ಎಂಜಿನ್ನಿಗೆ ಹೋದ ಹೊತ್ತು
ಕಿಟಕಿ ತೆರೆದು, ಜನವರಿಯ ಗಾಳಿಗೆ ಹಲ್ಲು ಕಡಿಯುತ್ತ,
ಏನನ್ನೂ ಹೀರದ ನುಣುಪು ಹಾಳೆಯ ಮೇಲೆ
ಒಂದು ಹನಿ ನೀಲಿ.
ಅದರ ನೆತ್ತಿಗೆ ಒಂದು ಹನಿ ಆಲ್ಕೋಹಾಲ್.
ನೀಲಿ ಬೆಚ್ಚಿ ಓಡಿತು,
ಅಂಚಿನಲ್ಲಿ ನಿಂತು ತನಗೆ ತಾನೇ ಜರಿ ಹೆಣೆದುಕೊಂಡಿತು.
ಸ್ಟ್ರಾದಿಂದ ಊದಿದೆ: ಹೂವಾಗು ಅಂದರೆ ಮೀನಾಯಿತು,
ಸರಿ, ಮೀನೇ ಇರಲಿ ಅಂದರೆ ಮೋಡ.
ಹಳದಿ ಬಿಟ್ಟೆ, ಕೆಂಪು ಬಿಟ್ಟೆ,
ಆಸೆಗೆ ಇನ್ನೊಂದು ಹನಿ ಬಿಟ್ಟೆ. ಕೆಸರು.
ಹದಿನಾಲ್ಕು ಕಾರ್ಡು ಬುಟ್ಟಿಗೆ.

ಮೂರೂವರೆಗೇ ಕತ್ತಲು.
ಬಾಗಿಲಲ್ಲಿ ಮೊದಲು ಒಳಗೆ ಬಂದದ್ದು ಅವನ ಮೂಗು.
ಸಿಕ್ಕಿಬಿದ್ದ ಕಳ್ಳಿಯಂತೆ ಎದ್ದು ನಿಂತೆ,
ಬಾಯಲ್ಲಿ ಇನ್ನೂ ಸ್ಟ್ರಾ.
ಎಷ್ಟು ದಿನದಿಂದ? ಅಂದ.
ನಾನು ಅವನಿಗೆ ಕೇಳುತ್ತಿದ್ದ ಪ್ರಶ್ನೆ,
ನನ್ನದೇ ದನಿಯಲ್ಲಿ.

ಆಮೇಲೆ ಮೇಜು ನೋಡಿದ. ನಗಲಿಲ್ಲ. ಕುರ್ಚಿ ಎಳೆದ.
ಗ್ರೀಸು ಹಿಡಿದ ಬೆರಳನ್ನು
ಒಣಗಿದ ನೀಲಿಯ ಮೇಲೆ ಮೆಲ್ಲಗೆ ಆಡಿಸಿ
ಗಟ್ಟಿಯಾಯಿತಾ ಇದು, ಇನ್ನು ಕದಲುವುದಿಲ್ಲವಾ, ಕೇಳಿದ.
ಮಾತು ಸಿಗದೆ ಒಂದು ಹನಿ ಬಿಟ್ಟು ತೋರಿಸಿದೆ.
ವಾರದ ಹಿಂದೆ ಒಣಗಿದ್ದು
ಈಗ ತಾನೇ ಸುರಿದಂತೆ ಸಡಿಲಿ, ಸರಿದು,
ನಡುವೆ ಒಂದು ಬಿಳಿ ಕಣ್ಣು ತೆರೆಯಿತು.

ತುಂಬ ಹೊತ್ತು ಆ ಬಿಳಿಯನ್ನೇ ನೋಡಿದ.
ನನ್ನ ಹಾಗೇ, ಅಂದ.
ಹೂಂ ಅನ್ನಲಿಲ್ಲ ನಾನು, ಊಹೂಂ ಅನ್ನಲಿಲ್ಲ.
ಕಿಟಕಿ ಇನ್ನಷ್ಟು ತೆರೆದೆ.
ದೊಡ್ಡ ಬಾಟಲಿಯ ಮುಚ್ಚಳ ಬಿಗಿದೆ;
ಬಿಗಿದದ್ದನ್ನು ಅವನು ನೋಡಿದ,
ನೋಡಿದ್ದನ್ನು ನಾನು.

ಬುಟ್ಟಿಗೆ ಕೈ ಹಾಕಿ
ಎಲ್ಲಕ್ಕಿಂತ ಕೆಸರಾದದ್ದನ್ನು ಹೆಕ್ಕಿದ.
ಕಿರ್ಕ್‌ವಾಲ್‌ನ ಮಂಗಳವಾರದ ಸಭೆಗೆ ಒಬ್ಬ ಹುಡುಗ ಬರುತ್ತಾನೆ,
ಬಿಟ್ಟು ಇಪ್ಪತ್ತಮೂರು ದಿನ. ಅವನಿಗಿರಲಿ ಇದು.
ಏನು ಬರೆಯಲಿ?
ಏನೂ ಹೊಳೆಯಲಿಲ್ಲ ಇಬ್ಬರಿಗೂ.
ಅಂಚೆ ಮುಟ್ಟುವುದಕ್ಕೆ ಎರಡು ದಿನ ಅಂತ ಬೆರಳಲ್ಲಿ ಎಣಿಸಿ
ಒಳಗೆ ದೊಡ್ಡದಾಗಿ ಇಪ್ಪತ್ತೈದು ಎಂದು ಬರೆದ,
ಪೆನ್ನು ಕೆಳಗಿಟ್ಟು,
ಪೆನ್ಸಿಲ್ಲಿನಲ್ಲಿ.