ಮಂಕು ಬೆಸುಗೆ

ಈ ಕಡೆ ಹದಿನೇಳು ವೋಲ್ಟ್.
ಆ ಕಡೆ ಹನ್ನೊಂದು, ಅದೂ ಮೀಟರಿನಲ್ಲಿ ನಿಲ್ಲದೆ ನಡುಗುತ್ತಿದೆ.
ಸ್ಪೀಕರಿನೊಳಗೆ ಒಂದೇ ಸಮ ಗುಂಯ್,
ಶಿಡ್ಲಘಟ್ಟದ ಫಿಲೇಚರುಗಳೆಲ್ಲ
ನನ್ನ ಅಂಗೈಯಗಲದ ಬೋರ್ಡಿನಲ್ಲೇ
ರಾಟೆ ತಿರುಗಿಸುತ್ತಿರುವ ಹಾಗೆ.

ಡಯೋಡ್ ನಾಲ್ಕನ್ನೂ ಕಿತ್ತು ನೋಡಿದೆ. ಸರಿಯಿವೆ.
ಟ್ರಾನ್ಸ್‌ಫಾರ್ಮರನ್ನು ಬೈದೆ, ಮಾರಿದವನನ್ನು ಬೈದೆ,
ಬೆಸ್ಕಾಂನವರನ್ನೂ ಬಿಡಲಿಲ್ಲ.

ಪಕ್ಕದ ಮನೆ ಮಹಬೂಬ್‌ಬೀ ಬಂದರು, ಟೀ ಪುಡಿ ಕೇಳಲು.
ಬಿಸಿನೀರಲ್ಲಿ ನೆನೆದು ಬಿಳಿಚಿದ ಬೆರಳು;
ಗೂಡಿನಿಂದ ಕಾಣದ ಎಳೆಯ ತುದಿ ಹಿಡಿದೇ
ನಲವತ್ತು ವರ್ಷ.
ಬೋರ್ಡು ಮಗುಚಿ, ದೀಪಕ್ಕೆ ಓರೆಯಾಗಿ ಹಿಡಿದು,
"ಎಲ್ಲಾ ಹೊಳೀತವೆ. ಇದೊಂದು ಯಾಕೆ ಮಂಕು?"

ದೊಡ್ಡ ಕೆಪಾಸಿಟರಿನ ಕಾಲು.
ಅಂಟಿದಂತೆ ನಟಿಸುತ್ತ ಕೂತಿತ್ತು ಸೀಸ,
ಸುತ್ತ ಕೂದಲೆಳೆಯಷ್ಟು ಬಿರುಕು.

ಮತ್ತೆ ಕಾಯಿಸಿದೆ. ಹೊಗೆ, ರಾಳದ ವಾಸನೆ.
ಎರಡೂ ಕಡೆ ಹದಿನೇಳು.
ಸ್ವಿಚ್ ಹಾಕಿದರೆ ಒಂದು ಸಲ ಡುಬ್,
ಆಮೇಲೆ ಏನೂ ಇಲ್ಲ.

ಸ್ಪೀಕರಿಗೆ ಕಿವಿಯಿಟ್ಟು ಕೇಳಿದರು: "ಹಾಡೆಲ್ಲಿ?"
"ಹಾಡಿನ ವೈರು ಇನ್ನೂ ತಂದಿಲ್ಲ, ಖಾಲಾ.
ಇವತ್ತಿಗೆ ಇದೇ, ಈ ಸದ್ದಿಲ್ಲದ್ದು."

ಇಬ್ಬರೂ ಕೂತು ಕೇಳಿದೆವು.
ಟೀ ಪುಡಿ ಒಯ್ಯುವುದನ್ನೇ ಮರೆತರು.