ಗುಳ್ಳೆ ಹೋದ ಕಡೆ

ಕಲೋನಿನ ಕೊಳದಲ್ಲಿ, ಹತ್ತು ಮೀಟರ್ ಕೆಳಗೆ,
ಮಾರಿಟ್‌ಳನ್ನು ತಲೆಕೆಳಗಾಗಿ ಹಿಡಿಯುವುದು ನನ್ನ ಕೆಲಸ.
ಬಸ್ಸು ಹತ್ತಿದರೆ ವಾಂತಿ ಮಾಡುವವನು ನಾನು,
ನಗಬೇಡಿ.

ಕಿವಿಯೊಳಗಿನ ಹರಳು
ನೆಲ ಇತ್ತ ಎನ್ನುತ್ತದೆ,
ಕಣ್ಣು ಅತ್ತ ಎನ್ನುತ್ತದೆ;
ನಡುವೆ ಸಿಕ್ಕಿ ನರಳುವುದು ಹೊಟ್ಟೆ,
ಬೆಳಗಿನ ಗಂಜಿ ಸಮೇತ.

'ಮೇಲೆ ಯಾವುದು?' ಕೈಸನ್ನೆಯಲ್ಲಿ ಕೇಳುತ್ತೇನೆ.
ಮೊದಮೊದಲು ಗುಳ್ಳೆ ಹೋದ ಕಡೆ ಬೆರಳು ತೋರುತ್ತಿದ್ದಳು.
ಆಮೇಲಾಮೇಲೆ ಭುಜ ಕುಣಿಸಿ
ಬೋಲ್ಟು ತಿರುಗಿಸುವುದರಲ್ಲೇ ಮಗ್ನ:
ಪಾದ ಸಿಕ್ಕಿಸಿದಲ್ಲೇ ನೆಲ.

ಇದರಿಂದ ಉಪಯೋಗವಾದೀತೇ?
ನೀರಲ್ಲೂ ಹರಳಿನ ಭಾರ ಹೋಗುವುದಿಲ್ಲವಲ್ಲ!
ಡಾಕ್ಟರ್ ಒಟೀಲಿಯ ಉತ್ತರ ಯಾವಾಗಲೂ ಒಂದೇ:
'ಆದೀತು.'

ಮೊನ್ನೆ ಮೇಲಿನಿಂದ ನಾಲ್ಕು ಸಾಲು ಬಂತು:
ಮೊದಲ ದಿನ. ತಲೆ ಗಿರ್ರೆಂದಿತು.
ಗುಳ್ಳೆಗಾಗಿ ಹುಡುಕಿದೆ. ಇರಲಿಲ್ಲ.
ಪಾದ ಸಿಕ್ಕಿಸಿದೆ.
ಹಸಿವಾಯಿತು.